ಮನೆಯಲ್ಲೇ ಕಟ್ಟಿದ ರೆಸೊನೇಟರ್ ಗಿಟಾರ್: ಕಿರಕಿರಿ, ಮಂಕು ನಾದ, ಕೂಡದ ಶ್ರುತಿ. ದೋಷ ಹುಡುಕುವ ಕ್ರಮ

ರೆಸೊನೇಟರ್ ಗಿಟಾರಿನಲ್ಲಿ ನಾದ ಹೊಮ್ಮಿಸುವುದು ಹೊಟ್ಟೆಯೊಳಗೆ ಕೂರಿಸಿದ ತೆಳು ಲೋಹದ ಕೋನ್. ಹೊಸದಾಗಿ ಕಟ್ಟಿದ ರೆಸೊನೇಟರ್ ಗಿಟಾರಿಗೆ ತಂತಿ ಏರಿಸಿ ಮೀಟಿದಾಗ ಏನಾದರೊಂದು ದೋಷ ಕೇಳಿಸುವುದು ಮಾಮೂಲು. ಆಗ ಎಲ್ಲರ ಕಣ್ಣೂ ಮೊದಲು ಹೋಗುವುದು ಕೋನಿನ ಮೇಲೆ. ಹೊಸ ಕೋನ್ ತರಿಸಿ ಹಾಕುತ್ತಾರೆ, ದೋಷ ಇದ್ದಲ್ಲೇ ಇರುತ್ತದೆ. ಕೋನ್ ಎಂದರೆ ಸುಮಾರು 0.2ರಿಂದ 0.25 ಮಿ.ಮೀ. ದಪ್ಪದ ಅಲ್ಯೂಮಿನಿಯಂ ತಗಡು. ತನ್ನ ಮೇಲೆ ಏನು ಕೂತಿದೆ, ತಾನು ಯಾವುದರ ಮೇಲೆ ಕೂತಿದ್ದೇನೆ ಎಂಬುದನ್ನು ಅದು ಸದ್ದು ಮಾಡಿ ಹೇಳುತ್ತದೆ, ಅಷ್ಟೇ. ತಂತಿಯ ಕಂಪನ ಸ್ಯಾಡಲಿಗೆ (ತಂತಿಗಳನ್ನು ಹೊರುವ ಪಟ್ಟಿ), ಅಲ್ಲಿಂದ ಬಿಸ್ಕಿಟ್ಟಿಗೆ (ಮರದ ಬಿಲ್ಲೆ) ಅಥವಾ ಸ್ಪೈಡರಿಗೆ (ಕಾಲುಗಳಿರುವ ಲೋಹದ ಆಸರೆ), ಅಲ್ಲಿಂದ ಕೋನಿಗೆ, ಕೋನಿನ ಅಂಚಿನಿಂದ ಗಿಟಾರಿನ ಹೊಟ್ಟೆಯೊಳಗಿನ ಮರದ ಕಟ್ಟೆಗೆ ಇಳಿಯುತ್ತದೆ. ದೋಷ ಇರುವುದು ಬಹುಪಾಲು ಈ ಕೂಡುಗಳಲ್ಲಿ. ಹೊರಗಿನಿಂದ ಒಳಕ್ಕೆ ಒಂದೊಂದೇ ಕೂಡನ್ನು ಪರೀಕ್ಷಿಸುತ್ತ ಹೋಗಿ; ಕೋನ್ ಬದಲಿಸುವ ಮಾತು ಕೊನೆಗಿರಲಿ.

ಮೊದಲು ಬಗೆ ಯಾವುದು ನೋಡಿಕೊಳ್ಳಿ

1927ರಲ್ಲಿ ನ್ಯಾಷನಲ್ ಕಂಪನಿಗಾಗಿ ಜಾನ್ ಡೋಪ್ಯೇರಾ ರೂಪಿಸಿದ್ದು ಮೂರು ಕೋನುಗಳ ಟ್ರೈಕೋನ್. ಅದಾದ ಮೇಲೆ ಬಂದವು ಒಂಟಿ ಕೋನಿನ ಎರಡು ಬಗೆ. ಬಿಸ್ಕಿಟ್ ಬಗೆಯಲ್ಲಿ 9.5 ಇಂಚಿನ (ಸುಮಾರು 241 ಮಿ.ಮೀ.) ಕೋನಿನ ತುದಿ ಮೇಲಕ್ಕೆ ನೋಡುತ್ತದೆ, ಅದರ ನೆತ್ತಿಯ ಮೇಲೆ ಮರದ ಬಿಲ್ಲೆ, ಬಿಲ್ಲೆಯ ಸೀಳಿನಲ್ಲಿ ಸ್ಯಾಡಲ್. ಸ್ಪೈಡರ್ ಬಗೆಯಲ್ಲಿ 10.5 ಇಂಚಿನ (ಸುಮಾರು 267 ಮಿ.ಮೀ.) ಕೋನ್ ಬಟ್ಟಲಿನಂತೆ ತಳ ಕೆಳಗಾಗಿ ಕೂತಿರುತ್ತದೆ. ಅಲ್ಯೂಮಿನಿಯಂ ಎರಕದ ಎಂಟು ಕಾಲಿನ ಜೇಡ ಅದರ ಅಂಚಿನ ಮೇಲೆ ಕಾಲೂರಿ ನಿಲ್ಲುತ್ತದೆ, ನಡುವೆ ಒಂದು ಬಿಗಿತದ ಸ್ಕ್ರೂ. ಮನೆಯಲ್ಲಿ ಕಟ್ಟುವವರು ಹೆಚ್ಚಾಗಿ ಆರಿಸುವುದು ಬಿಸ್ಕಿಟ್ ಬಗೆ. ಇಲ್ಲಿ ಬೇರೆ ಹೇಳದಿದ್ದರೆ ಮಾತು ಅದರದ್ದೇ.

ಬಿಚ್ಚುವ ಮುಂಚೆ

ಕೋನನ್ನು ಮುಚ್ಚುವ ಕವರ್ ಪ್ಲೇಟ್ ತೆಗೆಯಬೇಕೆಂದರೆ ತಂತಿಗಳೆಲ್ಲ ಕೆಳಗಿಳಿಯಬೇಕು. ಅವು ಇಳಿದರೆ ಕೋನಿನ ಮೇಲಿನ ಒತ್ತಡ ಹೋಯಿತು, ಕೋನ್ ಜರುಗಿತು, ದೋಷದ ಸ್ಥಿತಿಯೂ ಬದಲಾಯಿತು. ಆಮೇಲೆ ಹುಡುಕುವುದು ಕತ್ತಲಲ್ಲಿ ತಡಕಾಡಿದ ಹಾಗೆ. ಆದ್ದರಿಂದ ಹೊರಗಿನಿಂದ ಆಗುವ ಪರೀಕ್ಷೆಗಳನ್ನೆಲ್ಲ ಮುಗಿಸಿಕೊಂಡೇ ಸ್ಕ್ರೂಗೆ ಕೈ ಹಾಕಿ.

ಮೊದಲನೆಯದು ಸ್ಲೈಡ್ ಪರೀಕ್ಷೆ. ಕಿರಕಿರಿ ಬರುವ ಸ್ವರವನ್ನು ಬೆರಳಿನಿಂದ ಒತ್ತುವ ಬದಲು ಅದೇ ಜಾಗದಲ್ಲಿ ಸ್ಲೈಡ್ (ತಂತಿಯ ಮೇಲೆ ಜಾರಿಸುವ ಗಾಜಿನ ಅಥವಾ ಲೋಹದ ಕೊಳವೆ) ಇಟ್ಟು ನುಡಿಸಿ. ಸದ್ದು ನಿಂತರೆ ತಂತಿ ಯಾವುದೋ ಫ್ರೆಟ್ಟಿಗೆ (ಗಿಟಾರಿನ ಕತ್ತಾದ ನೆಕ್ಕಿನ ಮೇಲಿನ ಲೋಹದ ಅಡ್ಡಪಟ್ಟಿಗೆ) ತಾಗುತ್ತಿದೆ, ಕೋನಿಗೂ ಅದಕ್ಕೂ ಸಂಬಂಧವಿಲ್ಲ. ನಿಲ್ಲದಿದ್ದರೆ ಮುಂದಿನದು.

ಕಿರಕಿರಿ ಸಾಮಾನ್ಯವಾಗಿ ಒಂದೆರಡು ಸ್ವರಗಳಿಗೆ ಮಾತ್ರ ಜೋರಾಗಿ ಕೇಳಿಸುತ್ತದೆ, ಸಡಿಲವಾದ ಭಾಗದ ಸ್ವಂತ ಕಂಪನ ಆ ಸ್ವರಕ್ಕೆ ಹೊಂದುವುದರಿಂದ. ಆ ಸ್ವರವನ್ನು ಪತ್ತೆ ಮಾಡಿ, ಇನ್ನೊಬ್ಬರ ಕೈಯಲ್ಲಿ ಒಂದೇ ಸಮ ಮೀಟಿಸುತ್ತ, ನೀವು ಒಂದೊಂದೇ ಭಾಗವನ್ನು ಬೆರಳ ತುದಿಯಿಂದ ಒತ್ತುತ್ತ ಬನ್ನಿ: ಕವರ್ ಪ್ಲೇಟಿನ ಪ್ರತಿ ಸ್ಕ್ರೂ ಪಕ್ಕ, ಅಂಗೈ ಇಡುವ ಪಟ್ಟಿ, ತಂತಿಗಳ ಬುಡ ಸಿಕ್ಕಿಸುವ ಟೇಲ್‌ಪೀಸ್, ಎಫ್ ಆಕಾರದ ಕಿಂಡಿಗಳ ಜಾಲರಿ, ಬಿರಡೆಗಳ ಬುಷ್ ಮತ್ತು ಗುಂಡಿ. ಯಾವುದನ್ನು ಒತ್ತಿದಾಗ ಸದ್ದು ನಿಂತಿತೋ ಅದೇ ಅಪರಾಧಿ. ಬಿರಡೆಯ ಒಂದು ನಟ್ ಸಡಿಲವಾಗಿದ್ದರೂ ಆ ಸದ್ದು ಕೋನಿನೊಳಗಿಂದಲೇ ಬಂದಂತೆ ಕೇಳಿಸುತ್ತದೆ. ಕಿವಿಯನ್ನು ನಂಬಿ ದಿಕ್ಕು ಹೇಳಲು ಹೋಗಬೇಡಿ.

ಸ್ಯಾಡಲಿನಿಂದ ಟೇಲ್‌ಪೀಸಿನವರೆಗಿನ ತಂತಿಯ ತುಂಡುಗಳೂ ತಾವಾಗಿಯೇ ಮಿಡಿಯುತ್ತವೆ. ಅವುಗಳ ನಡುವೆ ಮೇಲೆ ಕೆಳಗೆ ಹೆಣೆದಂತೆ ಒಂದು ಫೆಲ್ಟ್ ಪಟ್ಟಿ ತೂರಿಸಿ. ಸದ್ದು ನಿಂತರೆ ಅದು ದೋಷವೇ ಅಲ್ಲ, ಪಟ್ಟಿಯನ್ನು ಅಲ್ಲೇ ಬಿಡಬಹುದು. ಟೇಲ್‌ಪೀಸಿನ ತುದಿ ಕವರ್ ಪ್ಲೇಟಿನ ಅಂಚಿಗೆ ತಾಗಿದೆಯೇ ಎಂದು ಕಾಗದದ ಚೂರು ತೂರಿಸಿ ನೋಡಿ. ತಾಗಿದ್ದರೆ ನಡುವೆ ತೆಳು ಚರ್ಮ ಅಂಟಿಸಿ.

ಕೊನೆಯದಾಗಿ ತಂತಿಗಳನ್ನೆಲ್ಲ ಅಂಗೈಯಿಂದ ಮುಚ್ಚಿ ನೆಕ್ಕಿನ ಹಿಂಬದಿಗೆ ಮುಷ್ಟಿಯಿಂದ ಮೆಲ್ಲಗೆ ಗುದ್ದಿ. ನೆಕ್ಕಿನೊಳಗೆ ಕಟಕಟ ಎಂದರೆ ನೆಕ್ ಬಾಗದಂತೆ ಹಿಡಿಯುವ ಒಳಗಿನ ಸರಳು, ಅಂದರೆ ಟ್ರಸ್ ರಾಡ್, ಸಡಿಲವಿದೆ, ಕಾಲು ಸುತ್ತು ಬಿಗಿ ಮಾಡಿ. ಹೊಟ್ಟೆಯೊಳಗೆ ಕಟಕಟ ಎಂದರೆ ನೆಕ್ಕಿನಿಂದ ಒಳಕ್ಕೆ ಚಾಚಿದ ನೆಕ್ ಕೋಲಿಗೆ ಆಸರೆ ಕೊಟ್ಟ ಚಕ್ಕೆಗಳಲ್ಲೊಂದು ಅಲುಗಾಡುತ್ತಿದೆ. ಒಣಗಿ ಕುಗ್ಗಿದ ಮರದಲ್ಲಿ ಇದು ಸಾಮಾನ್ಯ. ಇದಕ್ಕೆ ಮಾತ್ರ ಒಳಗೆ ಹೋಗಲೇಬೇಕು.

ಕವರ್ ಪ್ಲೇಟ್ ತೆಗೆಯುವಾಗ

ತಂತಿಗಳನ್ನು ಒಂದೊಂದಾಗಿ ಪೂರ್ತಿ ಇಳಿಸಬೇಡಿ. ಎಲ್ಲವನ್ನೂ ಸರದಿಯಲ್ಲಿ ಸ್ವಲ್ಪ ಸ್ವಲ್ಪವೇ ಸಡಿಲಿಸಿ, ಕೋನಿನ ಒಂದೇ ಪಕ್ಕಕ್ಕೆ ಭಾರ ಬೀಳದಂತೆ. ಪ್ಲೇಟ್ ತೆಗೆದ ಕೂಡಲೇ ಕೋನಿನ ಅಂಚಿನಿಂದ ಗಿಟಾರಿನ ಮೇಲ್ಮೈಗೆ ಹಾಯುವಂತೆ ಪೆನ್ಸಿಲಿನಲ್ಲಿ ಒಂದು ಗುರುತು ಹಾಕಿ. ಮತ್ತೆ ಕೂರಿಸುವಾಗ ಅದೇ ಜಾಗಕ್ಕೆ ಬರಬೇಕು. ಕೋನನ್ನು ಎತ್ತುವಾಗ ಬಿಸ್ಕಿಟ್ ಹಿಡಿದು ಎತ್ತಿ. ತಗಡಿನ ಮೈಗೆ ಹೆಬ್ಬೆರಳು ಒತ್ತಿದರೆ ನೆಗ್ಗುತ್ತದೆ, ಒಮ್ಮೆ ನೆಗ್ಗಿದ ಜಾಗ ಮತ್ತೆ ಮೊದಲಿನ ಗಡಸುತನಕ್ಕೆ ಬರುವುದಿಲ್ಲ.

ಎತ್ತುವ ಮುನ್ನವೇ ಸುತ್ತಲೂ ಕಣ್ಣಾಡಿಸಿ. ಕೋನಿನ ಹೊರ ಅಂಚಿಗೂ ಅದು ಕೂರುವ ಗುಂಡಿಯ ಗೋಡೆಗೂ ನಡುವೆ ಸುಮಾರು 1 ಮಿ.ಮೀ. ಜಾಗ ಇರಬೇಕು. ಒಂದು ಕಡೆ ತಾಗಿಕೊಂಡಿದ್ದರೆ ಅಲ್ಲಿ ಕೋನ್ ಕಂಪಿಸಲಾರದು: ನಾದ ಮಂಕು, ಜೊತೆಗೆ ಕಿರಕಿರಿ. ಗರಗಸದಲ್ಲಿ ಕೊರೆದ ಗುಂಡಿ ಪೂರ್ತಿ ದುಂಡಗಿರುವುದಿಲ್ಲವಾದ್ದರಿಂದ ಕೈಯಲ್ಲಿ ಕಟ್ಟಿದ ಗಿಟಾರುಗಳಲ್ಲಿ ಇದು ಪದೇಪದೇ ಕಾಣುತ್ತದೆ. ತಾಗುವ ಕಡೆ ಗೋಡೆಯನ್ನು ಉಜ್ಜಿ, ಕೋನನ್ನು ಉಜ್ಜಬೇಡಿ.

ಕಟ್ಟೆ ಮಟ್ಟವಾಗಿದೆಯೇ

ಸಮಯ ಕೊಡಬೇಕಾದ ಜಾಗ ಇದು. ಕೋನಿನ ಅಂಚು ಕಟ್ಟೆಯ ಮೇಲೆ ಸುತ್ತಲೂ ಬಿಡದೆ ಕೂತಿರಬೇಕು. ಒಂದು ಕಡೆ ಕಾಗದ ದಪ್ಪದ ಸಂದು ಇದ್ದರೂ ಅಲ್ಲಿ ತಗಡು ಮರಕ್ಕೆ ಬಡಿಯುತ್ತದೆ. ಕೆಳಸ್ವರಗಳ ಒತ್ತಡವೂ ಅಲ್ಲಿಂದಲೇ ಸೋರುತ್ತದೆ.

ಕೋಣೆ ಕತ್ತಲು ಮಾಡಿ, ಹೊಟ್ಟೆಯೊಳಗೆ ಸಣ್ಣ ಎಲ್‌ಇಡಿ ಟಾರ್ಚ್ ಹೊತ್ತಿಸಿಟ್ಟು ಕೋನನ್ನು ಅದರ ಜಾಗದಲ್ಲಿ ಕೂರಿಸಿ. ಎರಡು ಬೆರಳಿನಿಂದ ಬಿಸ್ಕಿಟ್ಟನ್ನು ಹಗುರಾಗಿ ಒತ್ತಿ ಹಿಡಿದು ಅಂಚಿನ ಸುತ್ತ ನೋಡಿ. ಬೆಳಕಿನ ಗೆರೆ ಕಂಡ ಕಡೆಯೆಲ್ಲ ಪೆನ್ಸಿಲ್ ಗುರುತು ಹಾಕಿ. ಇದರಿಂದ ಸಂದು ಎಲ್ಲಿದೆ ಎಂದು ಗೊತ್ತಾಯಿತು, ತಪ್ಪು ಮರದ್ದೋ ತಗಡಿನದೋ ಇನ್ನೂ ಗೊತ್ತಾಗಲಿಲ್ಲ. ಈಗ ಕೋನನ್ನು ಕಾಲು ಸುತ್ತು ತಿರುಗಿಸಿ ಮತ್ತೆ ನೋಡಿ. ಬೆಳಕು ಹಳೆಯ ಗುರುತಿನಲ್ಲೇ ಇದ್ದರೆ ಕಟ್ಟೆ ತಗ್ಗಿದೆ. ಕೋನಿನ ಜೊತೆ ತಾನೂ ತಿರುಗಿ ಬಂದರೆ ಕೋನಿನ ಅಂಚು ಸೊಟ್ಟಗಿದೆ.

ಕಟ್ಟೆಯದಾದರೆ ಮೊದಲು ಕಿಟಕಿಯ ಬೆಳಕಿಗೆ ಹಿಡಿದು ನೋಡಿ: ಒಂದು ಹನಿ ಒಣಗಿದ ಅಂಟು, ಪ್ಲೈವುಡ್ಡಿನ ಎದ್ದ ಸಿಬಿರು, ಕಟ್ಟೆಯನ್ನು ಎರಡು ತುಂಡಿನಲ್ಲಿ ಜೋಡಿಸಿದ್ದರೆ ಆ ಜೋಡಣೆಯ ಏಣು. ಅರ್ಧಕ್ಕರ್ಧ ದೋಷ ಇಂಥದರಲ್ಲೇ ಇರುತ್ತದೆ, ಹರಿತ ಉಳಿಯಿಂದ ಕೆರೆದರೆ ಹೋಯಿತು. ಅದಲ್ಲದಿದ್ದರೆ 18 ಮಿ.ಮೀ. ದಪ್ಪದ ಎಂಡಿಎಫ್ ಹಲಗೆಯಲ್ಲಿ ಗುಂಡಿಗಿಂತ 2–3 ಮಿ.ಮೀ. ಚಿಕ್ಕ ಬಿಲ್ಲೆ ಕತ್ತರಿಸಿ, ಅದರ ಅಂಚಿನ ಪಟ್ಟಿಗೆ 120 ನಂಬರಿನ ಸ್ಯಾಂಡ್ ಪೇಪರ್ ಅಂಟಿಸಿ, ಗುಂಡಿಯೊಳಗೆ ಇಟ್ಟು ಎರಡೂ ಕೈಯಿಂದ ಸಮನಾಗಿ ಒತ್ತಿ ತಿರುಗಿಸಿ. ಬಿಲ್ಲೆ ಇಡೀ ಕಟ್ಟೆಯನ್ನು ಒಟ್ಟಿಗೆ ಮುಟ್ಟುವುದರಿಂದ ಎತ್ತರದ ಜಾಗ ಮಾತ್ರ ಸವೆಯುತ್ತದೆ. ಬೆರಳಿಗೆ ಪೇಪರ್ ಸುತ್ತಿ ಉಜ್ಜಿದರೆ ಇದ್ದ ಗುಳಿ ಇನ್ನೂ ಆಳವಾಗುತ್ತದೆ. ಕಟ್ಟೆಗೆ ಸೀಮೆಸುಣ್ಣ ಸವರಿಕೊಂಡು ಕೆಲಸ ಮಾಡಿ; ಬಿಳುಪು ಸುತ್ತಲೂ ಒಂದೇ ಸಮ ಅಳಿಸಿದಾಗ ನಿಲ್ಲಿಸಿ. ಆಮೇಲೆ 220ರಲ್ಲಿ ಒಂದು ಸುತ್ತು. ಧೂಳು ಒರೆಸಿ ಅರಗಿನ ಪಾಲಿಶ್ ತೆಳ್ಳಗೆ ಒಂದು ಕೈ ಹೊಡೆದು, ಒಣಗಿದ ಮೇಲೆ ಹಗುರಾಗಿ ಮತ್ತೊಮ್ಮೆ ಉಜ್ಜಿ. ತೇವ ಹೀರಿ ಮರದ ನಾರು ಏಳದಿರಲಿ ಎಂದು ಈ ಲೇಪ.

ಕಟ್ಟೆ ಎಷ್ಟು ಇಳಿಯಿತೋ ಸ್ಯಾಡಲೂ ಅಷ್ಟೇ ಇಳಿಯುತ್ತದೆ ಎಂಬುದು ನೆನಪಿರಲಿ. ಅರ್ಧ ಮಿ.ಮೀ. ಉಜ್ಜಿದರೆ 12ನೇ ಫ್ರೆಟ್ಟಿನ ಮೇಲೆ ತಂತಿಯ ಎತ್ತರ ಕಾಲು ಮಿ.ಮೀ. ಕಡಿಮೆಯಾಗುತ್ತದೆ.

ಕೋನಿನ ಅಂಚೇ ಸೊಟ್ಟಗಿದ್ದರೆ ದಪ್ಪ ಗಾಜಿನ ಮೇಲೆ ಮಗುಚದೆ ಇಟ್ಟು, ಎದ್ದ ಕಡೆ ಅಂಚನ್ನಷ್ಟೇ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತುತ್ತ ಸರಿ ಮಾಡಿ. ಸಂದು ಮುಚ್ಚಲು ಸಿಲಿಕೋನ್ ಅಥವಾ ಅಂಟು ಹಾಕಬೇಡಿ. ಕಿರಕಿರಿ ಅಡಗುತ್ತದೆ ನಿಜ, ಜೊತೆಗೆ ರೆಸೊನೇಟರಿನ ನಾದವೂ ಅಡಗುತ್ತದೆ. ತಂತಿಗಳ ಒತ್ತಡವೊಂದೇ ಕೋನನ್ನು ಹಿಡಿದಿಡಬೇಕು.

ಬಿಸ್ಕಿಟ್ ಮತ್ತು ಸ್ಯಾಡಲ್

ಕೋನಿನ ಒಳಗಿಂದ ಬಿಸ್ಕಿಟ್ಟಿಗೆ ಹಾಕಿದ ಸ್ಕ್ರೂ ಸಡಿಲವಾದರೆ ಎಲ್ಲ ಸ್ವರಕ್ಕೂ ಹರಿದ ಸದ್ದು ಬರುತ್ತದೆ. ವಿಪರೀತ ಬಿಗಿದರೆ ನೆತ್ತಿಯ ತಗಡು ಸುಕ್ಕುಗಟ್ಟುತ್ತದೆ. ತಲೆಯ ಕೆಳಗೆ ಒಂದು ವಾಷರ್ ಇರಲಿ, ಬಿಸ್ಕಿಟ್ ಕೈಗೆ ತಿರುಗದಷ್ಟು ಬಿಗಿ ಸಾಕು. ಬಿಸ್ಕಿಟ್ಟಿನ ಅಡಿಭಾಗ ಪೂರ್ತಿ ಚಪ್ಪಟೆಯಾಗಿರಬೇಕು. ನಡುವೆ ಉಬ್ಬಿದ್ದರೆ ಅದು ಸ್ಕ್ರೂ ಸುತ್ತ ತೂಗಾಡುತ್ತದೆ.

ಸ್ಯಾಡಲ್ ಬಿಸ್ಕಿಟ್ಟಿನ ಸೀಳಿನಲ್ಲಿ ತಳದವರೆಗೂ ಇಳಿದಿದೆಯೇ? ಬೆಳಕಿಗೆ ಹಿಡಿದು ನೋಡಿ. ಒತ್ತಿದರಷ್ಟೇ ಇಳಿಯುವಷ್ಟು ಬಿಗಿಯಾಗಿದ್ದು, ಮರದ ಅಂಟು ತೆಳ್ಳಗೆ ಇದ್ದರೆ ಸರಿ. ಮೇಪಲ್ ಮರದ ಸ್ಯಾಡಲ್, ಬೇಕಿದ್ದರೆ ಮೇಲೆ ಎಬನಿಯ ತೆಳು ಪಟ್ಟಿ: ಇದು ಬಹುಕಾಲದ ರೂಢಿ. ಮೆದು ಮರ ಹಾಕಿದರೆ ಮೇಲಿನ ಸ್ವರಗಳ ಹೊಳಪು ಹೋಗುತ್ತದೆ.

ತಂತಿ ಕೂರುವ ಗಾಡಿಗಳನ್ನು (ಸ್ಯಾಡಲಿನ ಮೇಲೆ ಕೆತ್ತಿದ ಸಣ್ಣ ತೋಡುಗಳನ್ನು) ಭೂತಗನ್ನಡಿ ಇಟ್ಟುಕೊಂಡು ನೋಡುವುದು ಒಳ್ಳೆಯದು. ತಂಬೂರಿಯ ಕುದುರೆಯ ಅಗಲವಾದ ಮೈಯನ್ನು ತಂತಿ ಸವರುವುದರಿಂದಲೇ ಅಲ್ಲಿ ಝೇಂಕಾರ ಹುಟ್ಟುವುದು, ಜೀವಾಳದ ಎಳೆ ಅದನ್ನು ಹದಗೊಳಿಸುವುದು. ಗಿಟಾರಿನ ಸ್ಯಾಡಲ್ ಮೇಲ್ಭಾಗ ಚಪ್ಪಟೆಯಾಗಿದ್ದರೆ ಅದೇ ಕ್ರಿಯೆ ಇಲ್ಲಿ ಬೇಡದ ಜಾಗದಲ್ಲಿ ನಡೆಯುತ್ತದೆ. ಒಂದೇ ತಂತಿ, ಅದೂ ಬಿಟ್ಟ ತಂತಿಯಾಗಿ ಮೀಟಿದಾಗಲೂ ಗುಂಯ್‌ಗುಟ್ಟಿದರೆ ಮೊದಲ ಅನುಮಾನ ಇಲ್ಲಿಯೇ. ಗಾಡಿ ಟೇಲ್‌ಪೀಸಿನ ಕಡೆಗೆ ಇಳಿಜಾರಾಗಿ, ನೆಕ್ಕಿನ ಕಡೆಯ ಏಣಿನಲ್ಲಿ ತಂತಿ ಸ್ಪಷ್ಟವಾಗಿ ಬಿಟ್ಟು ಏಳಬೇಕು. ಆಳ ತಂತಿಯ ದಪ್ಪದ ಅರ್ಧ: 56 ಗೇಜಿನ ತಂತಿಗೆ (1.4 ಮಿ.ಮೀ.) 0.7 ಮಿ.ಮೀ. ಅದಕ್ಕಿಂತ ಆಳವಾದರೆ ತಂತಿಯ ಪಕ್ಕಗಳು ಗೋಡೆಗೆ ಉಜ್ಜುತ್ತವೆ, ಅಗಲವಾದರೆ ತಂತಿ ಒಳಗೇ ಹೊರಳಾಡುತ್ತದೆ. ಗಾಡಿಗೆ ಮೆತ್ತನೆಯ ಪೆನ್ಸಿಲಿನ ಪುಡಿ ಸವರಿ. ಇಲ್ಲದಿದ್ದರೆ ಶ್ರುತಿ ಏರಿಸುವಾಗ ತಂತಿ ಜಾರದೆ ಸ್ಯಾಡಲನ್ನೇ ನೆಕ್ಕಿನ ಕಡೆ ವಾಲಿಸುತ್ತದೆ, ಅದರೊಡನೆ ಕೋನಿನ ನೆತ್ತಿಯೂ ವಾಲುತ್ತದೆ.

ಪ್ಲೇಟ್ ಹಾಕಿದ ಮೇಲೆ ಸ್ಯಾಡಲಿನ ಸುತ್ತ ಕಾಗದದ ಪಟ್ಟಿ ಆಡಿಸಿ ನೋಡಿ. ಪ್ಲೇಟಿನ ಸೀಳಿನ ಅಂಚು ಎಲ್ಲೂ ಸ್ಯಾಡಲಿನ ಮರವನ್ನು ಮುಟ್ಟಬಾರದು.

ಸ್ಪೈಡರ್ ಇದ್ದರೆ

ಸ್ಪೈಡರನ್ನು ಗಾಜಿನ ಮೇಲೆ ಇಟ್ಟು ಪ್ರತಿ ಕಾಲಿನ ಕೆಳಗೂ ತೆಳು ಕಾಗದ ತೂರಿಸಿ. ಕಾಗದ ಸಲೀಸಾಗಿ ಹೊರಬರುವ ಕಾಲು ಗಾಳಿಯಲ್ಲಿದೆ ಎಂದರ್ಥ. ಬಗ್ಗಿಸಲು ಹೋಗಬೇಡಿ, ಎರಕದ ಲೋಹ ಮುರಿಯುತ್ತದೆ. ಗಾಜಿಗೆ 220ರ ಪೇಪರ್ ಅಂಟಿಸಿ ಎಂಟೂ ಕಾಲು ಒಟ್ಟಿಗೆ ಮುಟ್ಟುವವರೆಗೆ ಉಜ್ಜಿ. ನಡುವಿನ ಸ್ಕ್ರೂವನ್ನು ತಂತಿ ಶ್ರುತಿಗೆ ಬಂದ ಮೇಲೆ ಹೊಂದಿಸಬೇಕು: ಬಿಗಿ ಹತ್ತಿದ ಹಂತದಿಂದ ಕಾಲು ಸುತ್ತು, ಹೆಚ್ಚೆಂದರೆ ಅರ್ಧ. ಸಡಿಲವಿದ್ದರೆ ಕಟಕಟ, ಅತಿಯಾದರೆ ಕೋನಿನ ನಡುಭಾಗ ಸೆಟೆದು ನಾದ ಕಟ್ಟಿಕೊಳ್ಳುತ್ತದೆ.

ಈ ಬಗೆಯಲ್ಲಿ ಮನೆಯಲ್ಲಿ ಕಟ್ಟುವವರು ಎಡವುವ ಇನ್ನೊಂದು ಜಾಗ ಬಟ್ಟಲಿನ ತಳ. ಅದು ಕೆಳಮುಖವಾಗಿರುವುದರಿಂದ ಒಳಗಿನ ನೆಕ್ ಕೋಲಿಗೆ ತಾಗಬಹುದು. ಕೋಲಿನ ಮೇಲೆ ಸ್ವಲ್ಪ ಜೇಡಿಮಣ್ಣಿನ ಉಂಡೆ ಇಟ್ಟು ಕೋನ್ ಕೂರಿಸಿ ತೆಗೆಯಿರಿ. ಚಪ್ಪಟೆಯಾದ ಮಣ್ಣಿನ ದಪ್ಪವೇ ನಡುವಿನ ಅಂತರ, ಅದು 5 ಮಿ.ಮೀ.ಗಿಂತ ಕಡಿಮೆ ಇದ್ದರೆ ಕೋಲನ್ನು ಅಲ್ಲಿ ಕೆತ್ತಿ.

ಕಿರಕಿರಿ ಇಲ್ಲ, ಆದರೆ ನಾದ ಮಂಕು

ಕಟ್ಟೆಯ ಸೋರಿಕೆ ಮತ್ತು ಗೋಡೆಗೆ ತಾಗುವುದು ಇಲ್ಲ ಎಂದಾದ ಮೇಲೆ ನೋಡಬೇಕಾದ್ದು ಸ್ಯಾಡಲಿನ ಮೇಲೆ ತಂತಿ ಬಾಗುವ ಇಳಿಜಾರು. ಕಡಿಮೆ ಅಗಲದ ಸ್ಟೀಲ್ ಸ್ಕೇಲನ್ನು ತಂತಿಯ ಮೇಲೆ ಇಟ್ಟು ಸ್ಯಾಡಲ್ ದಾಟಿ ನೇರ ಹಿಂದಕ್ಕೆ ಚಾಚಿ. ಸ್ಯಾಡಲಿನಿಂದ 50 ಮಿ.ಮೀ. ಹಿಂದೆ ಸ್ಕೇಲಿನಿಂದ ತಂತಿ 9ರಿಂದ 11 ಮಿ.ಮೀ. ಕೆಳಗಿದ್ದರೆ ಇಳಿಜಾರು 10–12 ಡಿಗ್ರಿ, ಚೆನ್ನಾಗಿದೆ.

ಈ ಸಂಖ್ಯೆಗೆ ಕಾರಣ ಇದೆ. 12ರಿಂದ 53 ಗೇಜಿನ ತಂತಿಗಳ ಒಟ್ಟು ಎಳೆತ ಸಾಮಾನ್ಯ ಶ್ರುತಿಯಲ್ಲಿ ಸುಮಾರು 70–75 ಕೆ.ಜಿ. ಇಳಿಜಾರು 12 ಡಿಗ್ರಿ ಇದ್ದರೆ ಅದರಲ್ಲಿ 15 ಕೆ.ಜಿ.ಯಷ್ಟು ಕೋನಿನ ಮೇಲೆ ಕೆಳಮುಖವಾಗಿ ಬೀಳುತ್ತದೆ. 6 ಡಿಗ್ರಿಗೆ ಬಂದರೆ ಅದು ಏಳೂವರೆ ಕೆ.ಜಿ.: ಕೋನ್ ಸರಿಯಾಗಿ ಕೂರುವುದಿಲ್ಲ, ಸದ್ದು ತೆಳ್ಳಗೆ ಡಬ್ಬಿ ಬಡಿದಂತಾಗುತ್ತದೆ, ಜೋರಾಗಿ ಮೀಟಿದರೆ ತಂತಿ ಗಾಡಿಯಿಂದ ನೆಗೆಯುತ್ತದೆ. 20 ಡಿಗ್ರಿಯಾದರೆ 25 ಕೆ.ಜಿ., ತಗಡು ಕುಸಿಯುವ ದಾರಿ. ಇಳಿಜಾರು ಹೆಚ್ಚಿದ್ದರೆ ಟೇಲ್‌ಪೀಸಿನ ಅಡಿಗೆ ಚರ್ಮದ ಮಡಿಕೆ ಇಟ್ಟು ಎತ್ತರಿಸಿ. ಕಡಿಮೆಯಿದ್ದರೆ ಸ್ಯಾಡಲ್ ಎತ್ತರಿಸಬೇಕು, ಆದರೆ ಸ್ಯಾಡಲ್ 1 ಮಿ.ಮೀ. ಏರಿದರೆ 12ನೇ ಫ್ರೆಟ್ಟಿನಲ್ಲಿ ತಂತಿ ಅರ್ಧ ಮಿ.ಮೀ. ಏರುತ್ತದೆ. ಹಾಗಾಗಿ ಮೊದಲು ಫ್ರೆಟ್ಟುಗಳ ಮೇಲೆ ಉದ್ದ ಸ್ಕೇಲ್ ಇಟ್ಟು ನೋಡಿ. 12ನೇ ಫ್ರೆಟ್ಟಿನಲ್ಲಿ 2 ಮಿ.ಮೀ. ಎತ್ತರ ಬೇಕಿದ್ದರೆ ಸ್ಕೇಲಿನ ಗೆರೆ ಸ್ಯಾಡಲಿನ ತುದಿಗಿಂತ ಮೂರೂವರೆಯಿಂದ 4 ಮಿ.ಮೀ. ಕೆಳಗೆ ಹಾಯಬೇಕು. ಇದಕ್ಕಿಂತ ಬಹಳ ಕೆಳಗೆ ಹೋದರೆ ತಪ್ಪು ನೆಕ್ ಕೂರಿಸಿದ ಓರೆಯಲ್ಲಿದೆ, ಸ್ಯಾಡಲ್ ತಿದ್ದಿ ಪ್ರಯೋಜನವಿಲ್ಲ.

ಅಲ್ಯೂಮಿನಿಯಂ ಕೋನಿನ ಬದಲು ಪೇಂಟ್ ಡಬ್ಬಿಯ ಮುಚ್ಚಳ ಅಥವಾ ಸ್ಟೀಲ್ ಬಟ್ಟಲು ಹಾಕಿದ ಗಿಟಾರಿನಲ್ಲಿ ಮಂಕುತನ ದೋಷವಲ್ಲ, ಆ ಲೋಹದ ಗುಣ. ಸ್ಟೀಲ್ ಅಲ್ಯೂಮಿನಿಯಂಗಿಂತ ಸುಮಾರು ಮೂರು ಪಟ್ಟು ಭಾರ.

ತಂತಿ ದಿನೇದಿನೇ ಇಳಿಯುತ್ತಿದೆ

ಹೊಸ ಕೋನ್ ಮೊದಲ ಕೆಲವು ದಿನ ಸ್ವಲ್ಪ ತಗ್ಗಿ ನೆಲೆಯಾಗುವುದು ಸಹಜ. ನಿಲ್ಲದೆ ತಗ್ಗುತ್ತಿದ್ದರೆ ಬಿಸ್ಕಿಟ್ಟಿನ ಬುಡದ ಸುತ್ತ ಸುಕ್ಕು ಅಥವಾ ಕೂದಲೆಳೆಯ ಬಿರುಕು ಹುಡುಕಿ. ಸಣ್ಣ ನೆಗ್ಗನ್ನು ಒಳಗಿಂದ ದುಂಡು ತುದಿಯ ಮರದ ಕಡ್ಡಿಯಿಂದ ಒತ್ತಿ ಎಬ್ಬಿಸಬಹುದು. ಮಡಿಕೆ ಬಿದ್ದು ಗೆರೆ ಮೂಡಿದ್ದರೆ, ಬಿರುಕು ಬಿಟ್ಟಿದ್ದರೆ, ಕೋನ್ ಬದಲಿಸುವುದೊಂದೇ ದಾರಿ. ಕುಸಿಯಲು ಕಾರಣವಾದ ಇಳಿಜಾರನ್ನೋ ದಪ್ಪ ತಂತಿಗಳನ್ನೋ ಮೊದಲು ಸರಿಪಡಿಸಿಕೊಳ್ಳಿ, ಇಲ್ಲದಿದ್ದರೆ ಹೊಸದಕ್ಕೂ ಅದೇ ಗತಿ.

12ನೇ ಫ್ರೆಟ್ಟಿನಲ್ಲಿ ಶ್ರುತಿ ಕೂಡುತ್ತಿಲ್ಲ

ಬರೀ ಸ್ಲೈಡ್ ನುಡಿಸುವವರಿಗೆ ಇದು ಅಷ್ಟಾಗಿ ಬಾಧಿಸದು, ಬೆರಳು ಒತ್ತಿ ನುಡಿಸುವವರಿಗೆ ಬಾಧಿಸುತ್ತದೆ. ತಂತಿಯ ಮಿಡಿಯುವ ಉದ್ದ, ಅಂದರೆ ಗಿಟಾರಿನ ಸ್ಕೇಲ್, 635 ಮಿ.ಮೀ. (25 ಇಂಚು) ಇದ್ದರೆ 12ನೇ ಫ್ರೆಟ್ಟಿನಿಂದ ಸ್ಯಾಡಲಿಗೆ 317.5 ಮಿ.ಮೀ., ಅದರ ಮೇಲೆ ತೆಳು ತಂತಿಗೆ ಸುಮಾರು 2, ದಪ್ಪ ತಂತಿಗೆ 4ರಿಂದ 5 ಮಿ.ಮೀ. ಸೇರಬೇಕು. ಬಿಸ್ಕಿಟ್ಟನ್ನು 3 ಡಿಗ್ರಿಯಷ್ಟು ತಿರುಗಿಸಿದರೆ ಎರಡು ಕೊನೆಗಳ ನಡುವೆ ಸುಮಾರು 3 ಮಿ.ಮೀ. ವ್ಯತ್ಯಾಸ ಸಿಗುತ್ತದೆ. ಅದಕ್ಕೆ ಮೀರಿದರೆ ಸ್ಯಾಡಲ್ ಕವರ್ ಪ್ಲೇಟಿನ ಸೀಳಿಗೆ ತಾಗುತ್ತದೆ.

ಒತ್ತಿದ ಸ್ವರ, ಅದೇ ಜಾಗದಲ್ಲಿ ತಂತಿಯನ್ನು ಒತ್ತದೆ ಹಗುರಾಗಿ ಮುಟ್ಟಿ ಮೀಟಿದಾಗ ಬರುವ ಹಾರ್ಮೋನಿಕ್‌ಗಿಂತ ಮೇಲಿದ್ದರೆ ಸ್ಯಾಡಲ್ ಹಿಂದಕ್ಕೆ ಹೋಗಬೇಕು, ಕೆಳಗಿದ್ದರೆ ಮುಂದಕ್ಕೆ. ಈ ಸ್ಕೇಲಿನಲ್ಲಿ 1 ಮಿ.ಮೀ. ಸರಿಸಿದರೆ ಸಿಗುವುದು ಸುಮಾರು 2.7 ಸೆಂಟ್ (ಒಂದು ಅರೆಸ್ವರದ ನೂರನೇ ಒಂದು ಭಾಗ ಒಂದು ಸೆಂಟ್). ಕೋನನ್ನು ಗುಂಡಿಯಲ್ಲಿ ಆಚೀಚೆ ಜರುಗಿಸಿ ಪಡೆಯಬಹುದಾದದ್ದು ಅಷ್ಟೇ. ಸ್ಯಾಡಲಿನ ತುದಿಯನ್ನು ಹಿಂದಕ್ಕೋ ಮುಂದಕ್ಕೋ ಅರದಿಂದ ಉಜ್ಜಿದರೆ ಇನ್ನೊಂದು ಮಿ.ಮೀ. ಬಿಸ್ಕಿಟ್ಟನ್ನು ಕೋನಿನ ನಡುವಿನಿಂದ ಸರಿಸಲು ಹೋಗಬೇಡಿ, ಭಾರ ಓರೆಯಾಗಿ ಬೀಳುತ್ತದೆ. ತಪ್ಪು 10 ಸೆಂಟಿನಷ್ಟಿದ್ದರೆ ನೆಕ್ಕನ್ನೇ ಬಿಚ್ಚಿ ಸರಿಸಬೇಕಾಗುತ್ತದೆ. ಆದರೆ ಅದಕ್ಕೂ ಮುಂಚೆ ಮೊದಲ ಮೂರು ಫ್ರೆಟ್ಟುಗಳಲ್ಲಿ ನೋಡಿ. ಅಲ್ಲೂ ಸ್ವರ ಮೇಲಿದ್ದರೆ ನಟ್ಟಿನ (ನೆಕ್ಕಿನ ತುದಿಯಲ್ಲಿ ತಂತಿ ಕೂರುವ ಪಟ್ಟಿಯ) ಗಾಡಿ ಎತ್ತರವಾಗಿದೆ, ಮೊದಲು ಅದನ್ನು ತಗ್ಗಿಸಿ ಮತ್ತೆ ಅಳೆಯಿರಿ.

ಮತ್ತೆ ಜೋಡಿಸುವಾಗ

ಆಂಪ್ಲಿಫೈಯರಿಗೆ ನಾದ ಕಳಿಸುವ ಪಿಕಪ್ ಇದ್ದರೆ ಅದರ ವೈರು ಕೋನಿಗೆ ತಾಗದಂತೆ ಒಳಗೋಡೆಗೆ ಟೇಪಿನಿಂದ ಅಂಟಿಸಿ. ಪೆನ್ಸಿಲ್ ಗುರುತಿಗೆ ಕೋನ್ ಕೂರಿಸಿ, ಪ್ಲೇಟಿನ ಸ್ಕ್ರೂಗಳನ್ನು ಎದುರುಬದುರಾಗಿ ಬಿಗಿಯಿರಿ. ಹಿಡಿತ ಕಳೆದುಕೊಂಡ ತೂತಿಗೆ ಗಟ್ಟಿ ಮರದ ಸಿಬಿರನ್ನು ಅಂಟು ಹಚ್ಚಿ ತುಂಬಿ ಹೊಸದಾಗಿ ಕೊರೆಯಿರಿ. ತಂತಿಗಳಲ್ಲಿ ನಡುವಿನ ಎರಡನ್ನು ಮೊದಲು, ಆಮೇಲೆ ಹೊರಗಿನವನ್ನು, ಎಲ್ಲವನ್ನೂ ಎರಡು ಮೂರು ಹಂತದಲ್ಲಿ ಶ್ರುತಿಗೆ ತನ್ನಿ. ರಾತ್ರಿಯಿಡೀ ಹಾಗೇ ಬಿಟ್ಟು, ಮಾರನೆಯ ದಿನ ಮತ್ತೆ ಶ್ರುತಿ ಮಾಡಿ 12ನೇ ಫ್ರೆಟ್ಟಿನ ಮೇಲೆ ತಂತಿಯ ಎತ್ತರ ಅಳೆದು ಬರೆದಿಡಿ. ಒಂದು ವಾರದ ನಂತರ ಅದು ಅರ್ಧ ಮಿ.ಮೀ.ಗಿಂತ ಹೆಚ್ಚು ಇಳಿದಿದ್ದರೆ ಇಳಿಜಾರನ್ನು ಮತ್ತೊಮ್ಮೆ ಅಳೆದು, ಬಿಸ್ಕಿಟ್ಟಿನ ಬುಡದಲ್ಲಿ ಸುಕ್ಕು ಇದೆಯೇ ನೋಡಿ.